12 ವೋಲ್ಟ್ "ಎಲೆಕ್ಟ್ರಿಕ್ ಟರ್ಬೊ" ಹಾಕಿದರೆ ಲ್ಯಾಗ್ ಹೋಗುತ್ತದೆಯೇ?

ನಿಮ್ಮದು 1.5 ಲೀಟರ್ ಟರ್ಬೊ ಡೀಸೆಲ್, 2000 ಆರ್‌ಪಿಎಂ ಒಳಗೆ ಎಳೆತವಿಲ್ಲ (ಟರ್ಬೊ ಒತ್ತಡ ಕಟ್ಟುವವರೆಗಿನ ಈ ತಡವೇ ಲ್ಯಾಗ್), ಏರ್ ಫಿಲ್ಟರ್ ಪೈಪಿಗೆ "ಎಲೆಕ್ಟ್ರಿಕ್ ಟರ್ಬೊ" ಎಂದು ಮಾರುವ 12 ವೋಲ್ಟ್ ಫ್ಯಾನ್ ಕೂರಿಸಲೇ ಎಂದು ಕೇಳಿದ್ದೀರಿ. ಬೇಡ.

ಲೆಕ್ಕ ನೋಡಿ. 2000 ಆರ್‌ಪಿಎಂನಲ್ಲಿ ಆ ಎಂಜಿನ್‌ಗೆ ಅರ್ಧ ಬಾರ್ ಬೂಸ್ಟ್ (ಹೆಚ್ಚುವರಿ ಗಾಳಿ ಒತ್ತಡ) ಕೊಡಲು ಸೆಕೆಂಡಿಗೆ ಸುಮಾರು 40 ಗ್ರಾಂ ಗಾಳಿ ಒತ್ತಬೇಕು. ಅದಕ್ಕೆ ಎರಡೂವರೆ ಕಿಲೋವ್ಯಾಟ್ ಹತ್ತಿರ ಬೇಕು, ಅಂದರೆ 12 ವೋಲ್ಟ್‌ನಲ್ಲಿ 200 ಆಂಪಿಯರ್! ಸಣ್ಣ ಕಾರಿನ ಆಲ್ಟರ್ನೇಟರ್ ಅಷ್ಟು ಕೊಡುವುದಿಲ್ಲ. ಆ ಫ್ಯಾನಿನ ತೆಳು ವೈರ್ ನೋಡಿದರೇ ಗೊತ್ತಾಗುತ್ತದೆ. ಮೇಲಾಗಿ ಹೆಚ್ಚು ಆರ್‌ಪಿಎಂನಲ್ಲಿ ಆ ಫ್ಯಾನೇ ಗಾಳಿಗೆ ಅಡ್ಡ. ಪ್ಲಾಸ್ಟಿಕ್ ರೆಕ್ಕೆ ಮುರಿದರೆ ನೇರ ಟರ್ಬೊ ಚಕ್ರಕ್ಕೆ ಬಡಿಯುತ್ತದೆ.

2016ರ ಆಡಿ ಎಸ್‌ಕ್ಯೂ7ನಲ್ಲಿ ಇದಕ್ಕೆಂದೇ 48 ವೋಲ್ಟ್ ವ್ಯವಸ್ಥೆ, 7 ಕಿಲೋವ್ಯಾಟ್ ಎಲೆಕ್ಟ್ರಿಕ್ ಕಂಪ್ರೆಸರ್ (ಗಾಳಿ ಒತ್ತುವ ಯಂತ್ರ). ಕೆಲಸ ಮುಗಿದ ಮೇಲೆ ಗಾಳಿ ಹೋಗಲು ಬೇರೆ ಬೈಪಾಸ್ ದಾರಿ. ಮರ್ಸಿಡಿಸ್-ಎಎಂಜಿ ಸಿ43ರಲ್ಲಂತೂ ಸುಮಾರು 4 ಸೆಂ.ಮೀ. ದಪ್ಪದ ಮೋಟಾರ್ ಟರ್ಬೊ ಶಾಫ್ಟ್ ಮೇಲೆಯೇ, ಹೊಗೆಯಿಂದ ತಿರುಗುವ ಚಕ್ರ ಮತ್ತು ಗಾಳಿ ಒತ್ತುವ ಚಕ್ರದ ನಡುವೆ ಇದೆ. ಹೊರಗಿನಿಂದ ತಂದು ಸಿಕ್ಕಿಸುವ ಸಾಮಾನಲ್ಲ.

ಮೊದಲು ಇಂಟರ್‌ಕೂಲರ್ (ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಸ್‌ಗಳನ್ನು ನೋಡಿ. ಕ್ಲಿಪ್ ಪಕ್ಕ ಎಣ್ಣೆ ಜಿನುಗಿದ ಕಪ್ಪು ಕಲೆ ಇದ್ದರೆ ಬೂಸ್ಟ್ ಅಲ್ಲೇ ಸೋರುತ್ತಿರಬಹುದು. ಪೈಪಿಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. ಆಮೇಲೆ ಟರ್ಬೊ ಬೂಸ್ಟ್ ನಿಯಂತ್ರಿಸುವ ಆಕ್ಚುಯೇಟರ್‌ನ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದೆಯೇ, ನಿಮ್ಮ ಟರ್ಬೊ ವಿಜಿಟಿ (ಒಳಗಿನ ರೆಕ್ಕೆಗಳ ಕೋನ ಬದಲಾಗುವ ಬಗೆ) ಆಗಿದ್ದರೆ ಅದರ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಂಡಿವೆಯೇ ಎಂದು ನೋಡಿಸಿ. ಲ್ಯಾಗ್ ಇತ್ತೀಚೆಗೆ ಹೆಚ್ಚಾಗಿದ್ದರೆ ಬಹುತೇಕ ಇವುಗಳಲ್ಲೇ ಒಂದು.