ಬೆಳಗಾವಿಯಲ್ಲಿ ಹಳೆ ಮನೆಯನ್ನು ಅಪಾರ್ಟ್‌ಮೆಂಟ್‌ಗೆ ಕೊಡಬೇಕಾ?

ಟಿಳಕವಾಡಿಯಲ್ಲಿ ಅಜ್ಜನ ಕಾಲದ ಹಂಚಿನ ಮನೆ, ಹಿತ್ತಲಲ್ಲಿ ಬಾವಿ, ಅಕ್ಕಪಕ್ಕ ಎಲ್ಲಾ ಅಪಾರ್ಟ್‌ಮೆಂಟ್ ಎದ್ದಿವೆ, ಬಿಲ್ಡರ್ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಾರೆ, ಕೊಡಬೇಕಾ ಬೇಡವಾ ಅಂತ ಕೇಳಿದ್ದೀರಿ. ಓದಿದಾಗ ನಮ್ಮ ಮನೆಯ ಕಥೆಯೇ ಅನಿಸಿತು. ನಾವೂ ಟಿಳಕವಾಡಿಯವರೇ. ನಾವು ಕೊಟ್ಟೆವು. ಈಗ ಅದೇ ಜಾಗದ ಮೂರನೇ ಮಹಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಕೊಡಿ ಅಂತಲೇ ಹೇಳುತ್ತೇನೆ. ಆದರೆ ಬಾವಿ ಉಳಿಸಿಕೊಂಡು ಕೊಡಿ.

ನಮ್ಮದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮನೆ. ಮಳೆಗಾಲದಲ್ಲಿ ಹಂಚು ಸರಿಮಾಡಲು ಆಳು ಸಿಗುತ್ತಿರಲಿಲ್ಲ, ಗೋಡೆಗೆಲ್ಲ ಹಸಿ ಬರುತ್ತಿತ್ತು. ನಾಲ್ಕು ಜನ ಅಣ್ಣತಮ್ಮಂದಿರಿಗೆ ಪಾಲು ಬೇರೆ ಆಗಬೇಕಿತ್ತು. ಜಾಯಿಂಟ್ ವೆಂಚರ್‌ಗೆ, ಅಂದರೆ ಜಾಗ ನಮ್ಮದು ಕಟ್ಟುವ ಖರ್ಚು ಬಿಲ್ಡರ್‌ದು ಅಂತ, ಕೊಟ್ಟರೆ ತಲೆಗೊಂದು ಫ್ಲ್ಯಾಟ್ ಅಂತ ಮಾತಾಯಿತು. ಬಾವಿ ವಿಷಯ ಬಂದಾಗ ಬಿಲ್ಡರ್ ಕಡೆಯವರು, "ಅದನ್ನ ಹಂಗ ಇಡೋಣ್ರಿ, ಸುತ್ತ ಕಟ್ಟಿ ಕಟ್ಟಿಸಿ ಚಂದ ಮಾಡೋಣ" ಅಂದರು. ಬರೀ ಬಾಯಿಮಾತು. ನಾವು ನಂಬಿದೆವು. ಪಾಯ ತೆಗೆಯುವ ಹೊತ್ತಿಗೆ ಬಾವಿ ಇರುವಲ್ಲೇ ಲಿಫ್ಟ್ ಬರಬೇಕು ಅಂದರು. ಮನೆ ಕೆಡವಿದ ಕಲ್ಲು ಮಣ್ಣನ್ನೇ ಅದರೊಳಗೆ ಸುರಿದರು. ಅವ್ವ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳು. "ನೀರ ಕೊಟ್ಟ ಬಾವೀನ ಹಿಂಗ ಮುಚ್ಚಬಾರದ ತಮ್ಮಾ" ಅಂತ ಅಷ್ಟೇ ಅಂದಳು. ಆ ಮಾತು ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಈಗ ಏಪ್ರಿಲ್ ಬಂತೆಂದರೆ ನಮ್ಮ ಬಿಲ್ಡಿಂಗ್‌ಗೆ ಟ್ಯಾಂಕರ್ ಬರುತ್ತದೆ. ಬೆಳಗಾವಿ ನಗರಕ್ಕೆ ನೀರು ಬರುವುದು ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದ, ಜೊತೆಗೆ ಘಟಪ್ರಭಾ ನದಿಯ ಹಿಡಕಲ್ ಡ್ಯಾಮಿನಿಂದ. ಎಲ್ಲವನ್ನೂ ಪಂಪ್ ಮಾಡಿ ತರಬೇಕು. 2008ರ ಹೊತ್ತಿಗೇ ಕೆಲವು ವಾರ್ಡ್‌ಗಳಲ್ಲಿ 24 ಗಂಟೆ ನೀರು ಶುರುವಾಗಿತ್ತು. ಆದರೆ ಉಳಿದ ಕಡೆ ನಳ ಬರುವ ದಿನ ಕಾಯುತ್ತಲೇ ನಾವು ಬೆಳೆದವರು. ಒಂದು ಮನೆಯವರು ಬಳಸುತ್ತಿದ್ದ ನಳದ ಜಾಗದಲ್ಲಿ ಈಗ ಹದಿನಾರು ಮನೆ. ಪಂಪ್ ಹಾಕಿ ಮೇಲಿನ ಟ್ಯಾಂಕ್ ತುಂಬಿಸಬಹುದು, ಆದರೆ ಕೆಳಗಿನ ತೊಟ್ಟಿಗೆ ನೀರು ಬಂದರೆ ತಾನೇ?

ನಮ್ಮೂರಿನ ಹಿರಿಯರಿಗೆ ಬಾವಿಯ ಬೆಲೆ ಗೊತ್ತಿತ್ತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ ಬಂದ ಜನರಿಗೆ ನೀರು ಬೇಕು ಅಂತ ಬಾವಿಯನ್ನೇ ತೋಡಿದರು. ಕಾಂಗ್ರೆಸ್ ಬಾವಿ ಇವತ್ತಿಗೂ ನಮ್ಮ ಟಿಳಕವಾಡಿಯಲ್ಲಿದೆ, ನೀವೂ ನೋಡಿರುತ್ತೀರಿ. ಜಂಬಿಟ್ಟಿಗೆ ತೂತು ತೂತಿನ ಕಲ್ಲು. ಮಳೆ ನೀರು ಅದರಲ್ಲಿ ಸುಲಭವಾಗಿ ಇಳಿಯುತ್ತದೆ. ಅದಕ್ಕೇ ಇಲ್ಲಿ ಹಿತ್ತಲು ಹಿತ್ತಲಿಗೂ ಬಾವಿ ಇದ್ದವು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಬೆಳಗಾವಿಯಲ್ಲಿ ವರ್ಷಕ್ಕೆ 1,000 ಮಿ.ಮೀ.ಗಿಂತ ಜಾಸ್ತಿ ಮಳೆ ಆಗುತ್ತದೆ. ನಿಮ್ಮ ಬಿಲ್ಡಿಂಗ್‌ನ ಟೆರೇಸ್ 400 ಚದರ ಮೀಟರ್ ಅಂತ ಹಿಡಿಯಿರಿ. ಅದರ ಮೇಲೆ ಬೀಳುವ ನೀರೇ 4 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ 80 ಟ್ಯಾಂಕರ್! ಎಲ್ಲವೂ ಕೈಗೆ ಸಿಗುವುದಿಲ್ಲ, ನಿಜ. ಅರ್ಧ ಬಾವಿಗೆ ಇಳಿದರೂ ಸಾಕಲ್ವಾ? ಈಗ ಅದು ಪೈಪಿನಲ್ಲಿ ಇಳಿದು, ರಸ್ತೆಗೆ ಹರಿದು, ಗಟಾರ ಸೇರಿ ನಮ್ಮೂರಿನ ಬಳ್ಳಾರಿ ನಾಲೆ ಅನ್ನೋ ಹಳ್ಳದ ಕಡೆ ಹೋಗುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಆ ನಾಲೆ ಉಕ್ಕಿ ಏನಾಯಿತು ಅಂತ ಶಹಾಪುರ, ವಡಗಾವಿ ಕಡೆಯವರನ್ನು ಕೇಳಿ. ನಮ್ಮ ಮೇಲೆ ಬಿದ್ದ ಮಳೆಯನ್ನು ಅವರ ಮನೆಗೆ ಕಳಿಸುತ್ತಿದ್ದೇವೆ ಅಂತ ನನಗೆ ಬೇಜಾರಾಗುತ್ತದೆ.

ಹಾಗಾದರೆ ಅಪಾರ್ಟ್‌ಮೆಂಟೇ ಬೇಡ ಅಂತಲಾ? ಇಲ್ಲ. ಊರು ಮೇಲಕ್ಕೆ ಬೆಳೆಯದಿದ್ದರೆ ಅಗಲಕ್ಕೆ ಬೆಳೆಯುತ್ತದೆ. ಅಗಲಕ್ಕೆ ಬೆಳೆದರೆ ಯಳ್ಳೂರು, ವಡಗಾವಿಯ ಬಾಸುಮತಿ ಗದ್ದೆಗಳು ಹೋಗುತ್ತವೆ. ಹಲಗಾ–ಮಚ್ಛೆ ಬೈಪಾಸ್‌ಗಾಗಿ ಹೊಲ ಹೋಗುವಾಗ ರೈತರು ಎಷ್ಟು ಸಂಕಟಪಟ್ಟರು ಅಂತ ಊರೆಲ್ಲ ನೋಡಿದೆ. ಅವ್ವನಿಗೂ ಇಲ್ಲಿ ಅನುಕೂಲವೇ. ಲಿಫ್ಟ್ ಇದೆ, ಸಂತೆ ಹತ್ತಿರ, ದವಾಖಾನೆ ಹತ್ತಿರ, ಹಳೆ ಗೆಳತಿಯರೂ ಇದ್ದಾರೆ.

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಜಾಗ 500 ಚದರ ಮೀಟರ್ ದಾಟಿ, ಫ್ಲ್ಯಾಟ್ ಕೂಡ ಎಂಟಕ್ಕಿಂತ ಜಾಸ್ತಿ ಇದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ನಿಮ್ಮ ಫ್ಲ್ಯಾಟಿನ ಜೊತೆ ನೆಲದಲ್ಲಿ ಎಷ್ಟು ಪಾಲು ಅನ್ನೋದು ಪತ್ರದಲ್ಲೇ ಬರಬೇಕು. ಕಟ್ಟಡ ಹಳತಾದ ಮೇಲೆ ಬೆಲೆ ಉಳಿಯುವುದು ಆ ನೆಲಕ್ಕೇ. ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ, ಇಲ್ಲದೆ ಒಳಗೆ ಹೋಗಬೇಡಿ. ಅದಿಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಕನೆಕ್ಷನ್ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದೆ. ಒಳ್ಳೆ ವಕೀಲರಿಗೆ ತೋರಿಸಿಯೇ ಸಹಿ ಹಾಕಿ.

ಬಾವಿ ಮಾತ್ರ ಅಗ್ರಿಮೆಂಟ್‌ನಲ್ಲೂ ಇರಲಿ, ಪಾಲಿಕೆಗೆ ಕೊಡುವ ನಕ್ಷೆಯಲ್ಲೂ ಇರಲಿ. ಟೆರೇಸಿನ ಪೈಪು ಸೋಸುವ ಗುಂಡಿಗೆ ಬಂದು ಅಲ್ಲಿಂದ ಬಾವಿಗೆ ಇಳಿಯಬೇಕು ಅಂತ ಬರೆಸಿ. ಲಿಫ್ಟು, ಪಾರ್ಕಿಂಗು, ಕಂಬ ಎಲ್ಲವನ್ನೂ ಬಾವಿ ಬಿಟ್ಟು ಹೊಂದಿಸಲು ಎಂಜಿನಿಯರ್‌ಗೆ ಮೊದಲೇ ಹೇಳಿ. ಪಾಯ ಬಿದ್ದ ಮೇಲೆ ಯಾರೂ ಕೇಳುವುದಿಲ್ಲ, ನಾನು ಕೇಳಿ ನೋಡಿದ್ದೇನೆ. ಒಬ್ಬ ಬಿಲ್ಡರ್ ಒಪ್ಪದಿದ್ದರೆ ಇನ್ನೊಬ್ಬರು ಸಿಗುತ್ತಾರೆ, ಟಿಳಕವಾಡಿಯ ಜಾಗಕ್ಕೆ ಕೇಳುವವರಿಗೇನೂ ಕಡಿಮೆ ಇಲ್ಲ.

ನಿಮ್ಮ ಬಾವಿಯಲ್ಲಿ ಬೇಸಿಗೆಗೆ ಎಷ್ಟು ನೀರು ಉಳಿಯುತ್ತದೆ ಅಂತ ನೀವು ಬರೆದಿಲ್ಲ. ಈ ಮೇ ತಿಂಗಳಲ್ಲಿ ಒಂದು ಹಗ್ಗ ಇಳಿಸಿ ಅಳೆಯಿರಿ, ಫೋಟೋ ತೆಗೆದಿಡಿ. ಬಿಲ್ಡರ್ ಜೊತೆ ಮಾತಿಗೆ ಕೂರುವಾಗ ಅದನ್ನೂ ಜೊತೆಗೆ ಒಯ್ಯಿರಿ.