ಡಿ ಡಿಮಿನಿಷ್ಡ್ ಕಾರ್ಡ್ ಬರೆಯುವಾಗ ಪ್ರತಿ ಸಲ ತಪ್ಪಾಗುವುದೇಕೆ, ಸಿ ಆಗ್ಮೆಂಟೆಡ್‌ಗೆ ಎ ಫ್ಲಾಟ್ ಬರೆಯಬಹುದೇ?

ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಟ್ಟುವ ಸೂತ್ರ ನಿಮಗೆ ಗೊತ್ತಿದೆ: ಮೇಜರ್ ಸ್ಕೇಲ್‌ನ 1, 3, 5ನೇ ಸ್ವರ ತೆಗೆದುಕೊಂಡು, ಐದನೆಯದನ್ನು ಅರ್ಧ ಸ್ವರ (ಕೀಬೋರ್ಡ್‌ನಲ್ಲಿ ಪಕ್ಕದ ಕೀಗೆ) ಏರಿಸಿದರೆ ಆಗ್ಮೆಂಟೆಡ್, ಮೂರು, ಐದು ಎರಡನ್ನೂ ಅರ್ಧ ಸ್ವರ ಇಳಿಸಿದರೆ ಡಿಮಿನಿಷ್ಡ್. ಎಡವಿರುವುದು ‘ಇಳಿಸು’ ಎಂಬಲ್ಲಿ. ಇಳಿಸು ಅಂದರೆ ಅಕ್ಷರದ ಸ್ವರವನ್ನು ಅರ್ಧ ಇಳಿಸುವ ಫ್ಲಾಟ್ ಚಿಹ್ನೆ ಅಂಟಿಸು ಅಂತಲ್ಲ, ಆ ಸ್ಕೇಲ್‌ನಲ್ಲಿ ಇರುವ ಸ್ವರಕ್ಕಿಂತ ಅರ್ಧ ಸ್ವರ ಕೆಳಗೆ ಬಾ ಅಂತ. ಡಿ ಮೇಜರ್‌ನ ಮೂರನೆಯದು ಎಫ್ ಶಾರ್ಪ್ (ಎಫ್‌ಗಿಂತ ಅರ್ಧ ಸ್ವರ ಮೇಲೆ). ಅದನ್ನು ಇಳಿಸಿದರೆ ಬರೀ ಎಫ್. ಐದನೆಯ ಎ ಇಳಿದು ಎ ಫ್ಲಾಟ್. ಹಾಗಾಗಿ ಡಿ–ಎಫ್–ಎ ಫ್ಲಾಟ್. ನೀವು ಎಫ್ ಫ್ಲಾಟ್ ಬರೆದಿದ್ದೀರಿ. ಕೀಬೋರ್ಡ್‌ನಲ್ಲಿ ಅದು ಇ, ಕಿವಿಗೆ ಕೂರುವುದೇ ಇಲ್ಲ.

ಬರೆದದ್ದನ್ನು ಎಣಿಸಿ ನೋಡಿ. ಡಿಮಿನಿಷ್ಡ್‌ನಲ್ಲಿ ಒಂದು ಸ್ವರದಿಂದ ಮುಂದಿನದಕ್ಕೆ 3+3 ಅರ್ಧ ಸ್ವರ, ಆಗ್ಮೆಂಟೆಡ್‌ನಲ್ಲಿ 4+4.

ಎಣಿಕೆಯೊಂದನ್ನೇ ನಂಬಿದರೆ ನಿಮ್ಮ ಎರಡನೇ ಪ್ರಶ್ನೆ ಹುಟ್ಟುತ್ತದೆ. ಸಿ–ಇ–ಎ ಫ್ಲಾಟ್ ನುಡಿಸಿದರೆ ಸಿ ಆಗ್ಮೆಂಟೆಡ್‌ನಂತೆಯೇ ಕೇಳುತ್ತದೆ. ಆದರೆ ಕಾರ್ಡ್ ಅಕ್ಷರಗಳು ಒಂದು ಬಿಟ್ಟು ಒಂದು ಬರಬೇಕು: ಸಿ, ಇ, ಜಿ. ಆದ್ದರಿಂದ ಜಿ ಶಾರ್ಪ್. ಎ ಫ್ಲಾಟ್ ಬರೆದರೆ ಅದು ತಲೆಕೆಳಗಾದ (ಮೂಲಸ್ವರ ಕೆಳಗಿಲ್ಲದ) ಎ ಫ್ಲಾಟ್ ಆಗ್ಮೆಂಟೆಡ್ ಆಗುತ್ತದೆ. ಇದು ಬರೀ ಮಡಿವಂತಿಕೆಯಲ್ಲ. ಜಿ ಶಾರ್ಪ್ ಕಂಡ ಕೂಡಲೇ ಅದು ಮೇಲಿನ ಎಗೆ ಹೋಗಬಹುದು, ಮುಂದೆ ಎಫ್ ಮೇಜರ್ ಬರಬಹುದು ಎಂದು ಓದುವವರಿಗೆ ಹೊಳೆಯುತ್ತದೆ. ಇದೇ ನಿಯಮದಿಂದ ಬಿ ಆಗ್ಮೆಂಟೆಡ್‌ನಲ್ಲಿ ಎಫ್ ಡಬಲ್ ಶಾರ್ಪ್ (ಎಫ್‌ಗಿಂತ ಎರಡು ಅರ್ಧ ಸ್ವರ ಮೇಲೆ) ಬರುತ್ತದೆ. ವಿಚಿತ್ರ ಕಂಡರೂ ಸರಿ.

ಇನ್ನೊಂದು ಮಾತು. ಮೇಜರ್ ಸ್ಕೇಲ್‌ನ ಸ್ವರಗಳನ್ನು ಬದಲಿಸದೆ ಹುಡುಕಿದರೆ ಏಳನೆಯ ಸ್ವರದ ಮೇಲೆ ಒಂದೇ ಒಂದು ಡಿಮಿನಿಷ್ಡ್ ಸಿಗುತ್ತದೆ (ಸಿ ಮೇಜರ್‌ನಲ್ಲಿ ಬಿ–ಡಿ–ಎಫ್). ಆಗ್ಮೆಂಟೆಡ್ ಅಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಏಳನೆಯ ಸ್ವರವನ್ನು ಅರ್ಧ ಸ್ವರ ಏರಿಸಿದ ಮೈನರ್ ಸ್ಕೇಲ್, ಅಂದರೆ ಹಾರ್ಮೋನಿಕ್ ಮೈನರ್‌ಗೆ ಹೋಗಬೇಕು: ಎ ಹಾರ್ಮೋನಿಕ್ ಮೈನರ್‌ನ ಮೂರನೆಯ ಸ್ವರದ ಮೇಲೆ ಸಿ–ಇ–ಜಿ ಶಾರ್ಪ್ ತಾನಾಗಿಯೇ ನಿಂತಿದೆ. ಅದೇ ಸ್ಕೇಲ್‌ನ ಏಳನೆಯದರಿಂದ ಒಂದು ಬಿಟ್ಟು ಒಂದು ಎತ್ತಿಕೊಂಡರೆ ಜಿ ಶಾರ್ಪ್–ಬಿ–ಡಿ–ಎಫ್, ಅಂದರೆ ಡಿಮಿನಿಷ್ಡ್ ಸೆವೆಂತ್ (ಎಲ್ಲ ಅಂತರವೂ 3 ಇರುವ ನಾಲ್ಕು ಸ್ವರಗಳ ಕಾರ್ಡ್). ಬಿ–ಡಿ–ಎಫ್–ಎ ಮಾತ್ರ ಅದಲ್ಲ, ಅದು ಹಾಫ್ ಡಿಮಿನಿಷ್ಡ್. ಕೊನೆಯ ಅಂತರ 3ರ ಬದಲು 4.

ಗಿಟಾರ್ ಹಿಡಿಯುವವರಾದರೆ, ಆಗ್ಮೆಂಟೆಡ್ ಹಿಡಿತವನ್ನು ಹಾಗೆಯೇ ನಾಲ್ಕು ಫ್ರೆಟ್ ಸರಿಸಿ: ಅವೇ ಮೂರು ಸ್ವರ, ಕ್ರಮ ಮಾತ್ರ ಬೇರೆ.