ಬಾಣಂತನ ಮುಗಿಸಿ ಅಮ್ಮ ಹೊರಟ ಮೇಲೆ

ಜಪಾನಿನಲ್ಲಿರುವ ನಮ್ಮ ಕಡೆಯ ಹೆಣ್ಣುಮಕ್ಕಳಿಂದ ವಿಡಿಯೊ ಕರೆಯಲ್ಲಿ ನಾನು ಮತ್ತೆ ಮತ್ತೆ ಕೇಳುವ ಸಂಕಟ ಒಂದಿದೆ. ಬಾಣಂತನಕ್ಕೆ ಬಂದ ತಾಯಿ 90 ದಿನಗಳ ವೀಸಾ ಮುಗಿಯುತ್ತಲೇ ಊರಿಗೆ ಮರಳುತ್ತಾರೆ, ಪತಿ ಕೆಲಸದಿಂದ ಬರುವುದು ರಾತ್ರಿಗೆ, ಮಗು ಅತ್ತರೆ ಪಕ್ಕದ ಮನೆಯವರು ಏನೆಂದುಕೊಳ್ಳುವರೋ ಎಂಬ ಅಳುಕು ಹಗಲಿಡೀ ಕಾಡುತ್ತದೆ. ಅಂಥ ಒಬ್ಬರ ವಿಷಯವನ್ನು ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ಮೊದಮೊದಲು ಮಗುವಿನ ಹಾಲು, ನಿದ್ದೆಯ ಬಗ್ಗೆಯೇ ಮಾತನಾಡುತ್ತಿದ್ದರು. ಒಂದು ದಿನ ಮಾತು ಮುಗಿಸುವ ಹೊತ್ತಿಗೆ, "ಮುಂದಿನ ವಾರ ನಗರಾಡಳಿತದ ಆರೋಗ್ಯ ದಾದಿ ಮನೆಗೆ ಬರುತ್ತಾರಂತೆ, ಮೇಡಂ. ದಿನವೂ ಅಳು ಬರುತ್ತದೆ ಅಂತ ನಿಜ ಹೇಳಿದರೆ ಮಗುವನ್ನು ಕರೆದುಕೊಂಡು ಹೋಗಿಬಿಡುತ್ತಾರೇನೋ" ಎಂದರು. 2011ರಲ್ಲಿ ನಾರ್ವೆಯ ಅಧಿಕಾರಿಗಳು ಭಾರತೀಯ ದಂಪತಿಯ ಮಕ್ಕಳನ್ನು ಕರೆದೊಯ್ದ ಸುದ್ದಿ ಅವರ ಮನಸ್ಸಿನಲ್ಲಿ ಉಳಿದಿತ್ತು.

ತನಗಾಗಲಿ ಮಗುವಿಗಾಗಲಿ ಹಾನಿ ಮಾಡುವ ಯೋಚನೆ ಬಂದಿದೆಯೇ ಎಂದು ಮೊದಲು ನೇರವಾಗಿ ಕೇಳಿದೆ, ಇಲ್ಲವೆಂದರು. ಹಿಂಸೆ, ನಿರ್ಲಕ್ಷ್ಯ ಕಂಡರೆ ಮಧ್ಯೆ ಬರುವ ವ್ಯವಸ್ಥೆ ಜಪಾನಿನಲ್ಲೂ ಇದೆ ಎಂಬುದನ್ನು ನಾನು ಮುಚ್ಚಿಡಲಿಲ್ಲ. ಆದರೆ ಈ ಭೇಟಿ ನಾಲ್ಕು ತಿಂಗಳೊಳಗಿನ ಮಗುವಿರುವ ಎಲ್ಲ ಮನೆಗಳಿಗೂ ಉಂಟು. ತಾಯಿಯ ಮನಃಸ್ಥಿತಿ ತಿಳಿಯಲು ಅಲ್ಲಿ ಸಾಮಾನ್ಯವಾಗಿ ಬಳಸುವುದು 1987ರಲ್ಲಿ ರೂಪುಗೊಂಡ, ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪನ. ಯಾರಿಗೆ ನೆರವು ಬೇಕೆಂದು ಗುರುತಿಸುವುದಷ್ಟೇ ಅದರ ಕೆಲಸ. ಹಾಗಾಗಿ ಉತ್ತರಗಳನ್ನು ಇದ್ದಂತೆಯೇ ಬರೆಯಿರಿ ಎಂದೆ. ಜೊತೆಗೆ, ಪತಿಯನ್ನು ದುಭಾಷಿಯಾಗಿ ಕೂರಿಸಿಕೊಳ್ಳಬೇಡಿ, ಬೇರೆ ದುಭಾಷಿ ಸಿಗುವರೇ ಎಂದು ಮೊದಲೇ ವಿಚಾರಿಸಿ ಎಂದೂ ಹೇಳಿದೆ. ಪತಿಗೆ ಇದರಿಂದ ನೋವಾಯಿತು. ಆದರೂ ಗಂಡನಿಗೆ ಚಿಂತೆಯಾಗದಿರಲೆಂದು ಹೆಂಡತಿ ಬಚ್ಚಿಟ್ಟ ಅಳು ಆತನ ಬಾಯಿಂದಲೇ ಅನುವಾದವಾಗಿ ಹೊರಬರುವುದಿಲ್ಲ ಎಂಬ ನನ್ನ ನಂಬಿಕೆ ಬದಲಾಗಿಲ್ಲ.

"ಊರಿಗೆ ಬಂದುಬಿಡು ಎನ್ನುವುದು ಬಿಟ್ಟು ಇದೇನು ಸಲಹೆ?" ಎಂದು ಆಕೆಯ ತಾಯಿ ಕೇಳಿದರು. ಊರಿಗೆ ಬರುವುದು ತಪ್ಪೆಂದು ನಾನು ಹೇಳಿಲ್ಲ. ಆದರೆ ಆಕೆಗೆ ಬೇಕಿದ್ದುದು ಅದೇ ವಾರ ಮಗುವನ್ನು ಎತ್ತಿಕೊಳ್ಳುವ ಎರಡು ಕೈಗಳು. ಪರದೆಯ ಈಚೆಗೆ ಕುಳಿತ ನಾನು ಅದನ್ನು ಕೊಡಲಾರೆ, ಬಾಗಿಲು ತಟ್ಟಿ ಬರುವವರು ಕೊಡಬಲ್ಲರು.

ದಾದಿ ಆಕೆಯನ್ನು ಹೆರಿಗೆಯ ನಂತರದ ಆರೈಕೆ ಸೇವೆಗೆ ಸೇರಿಸಿದರು. ಹೆರಿಗೆಯಾಗಿ ಒಂದು ವರ್ಷದವರೆಗೆ ಸ್ಥಳೀಯ ಆಡಳಿತಗಳು ಒದಗಿಸುವ ಈ ಸೇವೆಯಲ್ಲಿ ಸೂಲಗಿತ್ತಿಯರು ಮಗುವನ್ನು ನೋಡಿಕೊಳ್ಳುವಾಗ ತಾಯಿ ನಿದ್ದೆ ಮಾಡಬಹುದು. ಶುಲ್ಕ, ನಿಯಮಗಳು ಊರಿಂದ ಊರಿಗೆ ಬೇರೆ. ಆದ್ದರಿಂದ ಅಮ್ಮ ವಿಮಾನ ಹತ್ತುವ ಮೊದಲೇ ತಾಯಿ-ಮಗುವಿನ ಆರೋಗ್ಯ ಕೈಪಿಡಿಯನ್ನು ಹಿಡಿದು ನಗರಾಡಳಿತ ಕಚೇರಿಗೆ ಹೋಗಿ ವಿಚಾರಿಸಿಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುತ್ತಿದ್ದೇನೆ.